ಯಾರೂ ಏನೂ ಹೇಳದಿದ್ದಾಗ

ಬೆಳಗಿನ ಆರು ಗಂಟೆ. ಮೂರನೇ ಮಹಡಿಯ ಈ ಆಫೀಸಿನಲ್ಲಿ ಅರವತ್ತು ಕುರ್ಚಿಗಳಿವೆ, ಕೆಲಸಕ್ಕೆ ಕೂತಿರುವುದು ಒಬ್ಬರೇ. ಸ್ವಲ್ಪ ಹೊತ್ತು ಅಲುಗಾಡದೆ ಕೂತರೆ ಇಲ್ಲಿನ ದೀಪಗಳು ತಾವಾಗಿಯೇ ಆರಿಹೋಗುತ್ತವೆ. ಆರಿದಾಗಲೆಲ್ಲ ಆಕೆ ಪರದೆಯಿಂದ ಕಣ್ಣು ತೆಗೆಯದೆ, ಬಸ್ಸಿಗೆ ಕೈ ಮಾಡುವಂತೆ ಎಡಗೈ ಎತ್ತಿ ಬೀಸುತ್ತಾರೆ. ದೀಪ ಮತ್ತೆ ಹತ್ತುತ್ತದೆ. "ನಾನಿಲ್ಲಿ ಕೂತಿದ್ರೂ ಯಾರೂ ಇಲ್ಲ ಅಂತ ಲೈಟೇ ತೀರ್ಮಾನ ಮಾಡಿಬಿಡುತ್ತೆ ನೋಡಿ," ಎಂದು ನಗುತ್ತಾರೆ. ಅವರ ಕೆಲಸದ ಬಗ್ಗೆ ಬರೆಯಲು ಬಂದಿರುವ ನನಗೆ ನಗು ಬರುವುದಿಲ್ಲ.

ಆಫೀಸಿನವರ ಬಾಯಲ್ಲಿ ಇವರು ಡಿಫಾಲ್ಟ್ ಅಕ್ಕ. ವಯಸ್ಸು ಐವತ್ತೆರಡು. ಇಂಥ ದಿನ, ಇಷ್ಟು ಹೊತ್ತಿಗೆ ಬನ್ನಿ ಎಂದು ಆಸ್ಪತ್ರೆಯಿಂದ ಫೋನಿಗೆ ಸಂದೇಶ ಬರುತ್ತದಲ್ಲ, ಅದನ್ನು ಕಳಿಸುವ ಸಾಫ್ಟ್‌ವೇರ್ ತಯಾರಾಗುವುದು ಇಲ್ಲಿ. ಬರೆಯುವವರು ಇಪ್ಪತ್ತೆಂಟು ಜನ. ಅವರು ಬರೆದ ತುಂಡುಗಳನ್ನೆಲ್ಲ ಜೋಡಿಸಿ ಓಡಿಸಲು ಬಿಲ್ಡ್ ಟೂಲ್ ಎಂಬ ಇನ್ನೊಂದು ಸಾಫ್ಟ್‌ವೇರ್ ಇದೆ. ಎಲ್ಲಿ ಓಡಿಸಬೇಕೆಂದು ಪ್ರತಿ ಸಲವೂ ಅದಕ್ಕೆ ಹೇಳಬೇಕು: ಬರೀ ಕಲ್ಪಿತ ಹೆಸರಿನ ರೋಗಿಗಳಿರುವ ಟೆಸ್ಟ್‌ನಲ್ಲೋ, ನಿಜವಾದ ರೋಗಿಗಳಿರುವ ಲೈವ್‌ನಲ್ಲೋ. ಹೇಳಲು ಮರೆತರೆ ಟೂಲು ಡಿಫಾಲ್ಟ್ ಹಿಡಿಯುತ್ತದೆ, ಎಂದರೆ ಮೊದಲೇ ಗೊತ್ತುಮಾಡಿಟ್ಟ ಕಡೆ ಓಡಿಸುತ್ತದೆ. ಆ ಡಿಫಾಲ್ಟನ್ನು ಬರೆದಿಟ್ಟು ಕಾಯುವುದು ಅಕ್ಕನ ಕೆಲಸ.

"ಮೌನಂ ಸಮ್ಮತಿ ಲಕ್ಷಣಂ ಅಂತಾರಲ್ಲ, ಮಷೀನು ಅದನ್ನ ಪೂರ್ತಿ ನಂಬುತ್ತೆ. ಯಾರೂ ಏನೂ ಹೇಳದಿದ್ದಾಗ ಏನಾಗಬೇಕು, ಅಷ್ಟನ್ನ ನಾನು ನೋಡ್ಕೋತೀನಿ. ಹೇಳಿಕೊಳ್ಳೋ ಅಂಥ ಕೆಲಸ ಏನಲ್ಲ."

ಅಡುಗೆ ಚೆನ್ನಾಗಿದ್ದರೆ ಉಪ್ಪನ್ನು ಹೊಗಳುವವರುಂಟೇ? ಅಕ್ಕನ ಹೆಸರೂ ಏನಾದರೂ ಕೆಟ್ಟಾಗ ಮಾತ್ರ ಕೇಳಿಬರುತ್ತದೆ. ಇವತ್ತು ಮಾತ್ರ ಬೇರೆ. ಡಿಫಾಲ್ಟ್ ಈಗ ಟೆಸ್ಟ್‌ಗೆ ಇದೆ. ಅದನ್ನು ಲೈವ್‌ಗೆ ಬದಲಿಸಿದರೆ ದಿನಕ್ಕೆ ಹತ್ತಾರು ಸಲ 'ಲೈವ್' ಎಂದು ಹೇಳುವ ತಾಪತ್ರಯ ತಪ್ಪುತ್ತದೆ ಎನ್ನುವುದು ಹೊಸ ಮ್ಯಾನೇಜರ್ ಲೆಕ್ಕಾಚಾರ. ಹತ್ತು ಗಂಟೆಗೆ ಮೀಟಿಂಗು. ಅಕ್ಕ ಬೆಳಗಿನಿಂದ ನೀರು ಕೂಡ ಮುಟ್ಟಿಲ್ಲ.

ಭಯಕ್ಕೆ ಕಾರಣವಿದೆ. ಒಂಬತ್ತು ವರ್ಷದ ಹಿಂದೆ, ಯಾರೂ ಏನೂ ಹೇಳದಿದ್ದರೆ ಟೂಲು ಪಟ್ಟಿಯಲ್ಲಿ ಮೊದಲು ಯಾವುದಿದೆಯೋ ಅದನ್ನೇ ಹಿಡಿಯುತ್ತಿತ್ತು. ಒಂದು ಮಧ್ಯಾಹ್ನ ಅಕ್ಕ ಆ ಪಟ್ಟಿಯನ್ನು ಓರಣ ಮಾಡಿದರು. ಮುಖ್ಯವಾದದ್ದು ಮೇಲಿರಲಿ ಎಂದು ಲೈವನ್ನು ಮೊದಲಿಗೆ ತಂದರು, ಅಷ್ಟೇ. ಮಾರನೆಯ ದಿನ ಯಾರೋ ಪರೀಕ್ಷೆಗೆಂದು ಬರೆದ ಸಂದೇಶವನ್ನು ಎಲ್ಲಿ ಎಂದು ಹೇಳದೆ ಓಡಿಸಿದರು. ಮುನ್ನೂರ ನಲವತ್ತು ನಿಜವಾದ ರೋಗಿಗಳಿಗೆ ಸಂದೇಶ ಹೋಯಿತು: 'ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ. ನಿಮಗಾಗಿ ಕಾಯುತ್ತಿರುತ್ತೇವೆ.' ಮೂವತ್ತೊಂದು ಜನ ಬಂದೇಬಿಟ್ಟರು. ಕ್ಷಮೆ ಕೇಳಲು ಕಂಪನಿ ಅಕ್ಕನನ್ನೇ ಆಸ್ಪತ್ರೆಗೆ ಅಟ್ಟಿತು.

"ಎಲ್ಲರೂ ಬೈದು ಹೋದ್ರು. ಬೈಯೋದು ನ್ಯಾಯವೇ. ಒಬ್ಬರು ಅಜ್ಜ ಮಾತ್ರ ಬೆಂಚಿನ ಮೇಲೆ ಕೂತೇ ಇದ್ದರು. ಇಸ್ತ್ರಿ ಮಾಡಿದ ಶರ್ಟು, ಬರೀ ಹೊಟ್ಟೆ. ತಪ್ಪಾಗಿ ಬಂದ ಮೆಸೇಜು ತಾತಾ ಅಂದೆ. 'ಬಂದದ್ದಕ್ಕೆ ಬೇಜಾರಿಲ್ಲಮ್ಮ. ಯಾರೋ ನನ್ನನ್ನ ನೆನಪಿಟ್ಕೊಂಡಿದ್ದಾರೆ ಅಂದ್ಕೊಂಡಿದ್ದೆ' ಅಂದ್ರು." ಅಕ್ಕ ಅಲ್ಲಿಗೆ ನಿಲ್ಲಿಸುತ್ತಾರೆ. ದೀಪ ಆರುತ್ತದೆ. ಈ ಸಲ ಕೈ ಬೀಸಿದ್ದು ನಾನು.

ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಅವರೇ ಹೇಳಿಕೊಳ್ಳುತ್ತಾರೆ. ಅಂದೇ ಡಿಫಾಲ್ಟ್ ಟೆಸ್ಟೇ ಎಂದು ಸ್ಪಷ್ಟವಾಗಿ ಬರೆದರು. ಟೆಸ್ಟ್‌ನ ರೋಗಿಗಳಿಗೆಲ್ಲ ತಮ್ಮದೇ ಫೋನ್ ನಂಬರ್ ಕೊಟ್ಟರು. ಯಾರಾದರೂ ಹೇಳಲು ಮರೆತು ಓಡಿಸಿದರೆ ಆ ಪರೀಕ್ಷೆಯ ಸಂದೇಶ ಈಗ ಇವರೊಬ್ಬರಿಗೇ ಬರುತ್ತದೆ. ಹೋದ ತಿಂಗಳು ನಲವತ್ಮೂರು ಬಂದಿವೆ.

ಮನೆಯೆಂದರೆ ಎರಡು ಕೋಣೆ. ಅಮ್ಮ ಹೋಗಿ ಆರು ವರ್ಷ. ಈಚೆಗೆ ತಂಗಿ ಬಂದು ಎರಡು ದಿನ ಇದ್ದಳು. ಫೋನು ಮತ್ತೆ ಮತ್ತೆ ಸದ್ದು ಮಾಡುವುದನ್ನು ಕಂಡು, "ಎಷ್ಟು ಜನ ನೆನೆಸ್ಕೋತಾರೆ ಅಕ್ಕ ನಿನ್ನನ್ನ! ನನ್ನ ಫೋನಿದೆ ನೋಡು, ಸತ್ತ ಹಾಗೆ ಬಿದ್ದಿರುತ್ತೆ," ಎಂದಳಂತೆ. "ನೀವೇನಂದ್ರಿ?" ಎಂದು ಕೇಳಿದೆ. "ಹೂಂ ಅಂದೆ. ಇನ್ನೇನು ಅನ್ನಲಿ?"

ಹತ್ತಕ್ಕೆ ಮೀಟಿಂಗು. ನಾನು ಮೂಲೆಯಲ್ಲಿ ಕೂತಿದ್ದೇನೆ. ಮ್ಯಾನೇಜರ್ ಹುರುಪಿನ ಮನುಷ್ಯ, ಚೆನ್ನಾಗಿ ಮಾತಾಡುತ್ತಾರೆ. ಅವರು ಮುಗಿಸಿದ ಮೇಲೆ ಅಕ್ಕ ಒಂದು ಹಾಳೆಯನ್ನು ಮೇಜಿನ ಮೇಲೆ ಸರಿಸುತ್ತಾರೆ. ನಲವತ್ಮೂರು ಸಾಲು, ಒಂದೊಂದು ಮರೆವಿಗೂ ತಾರೀಖು. "ನಿಮ್ಮ ಡಿಫಾಲ್ಟ್ ಇದ್ದಿದ್ರೆ ಇಷ್ಟು ಸಲ ಆಸ್ಪತ್ರೆ ಮುಂದೆ ಜನ ಸೇರ್ತಿದ್ರು ಸರ್. ಇದ್ರಲ್ಲಿ ಮೂರು ನಿಮ್ಮವೇ."

ಯಾರೋ ಕಿಸಕ್ಕೆಂದು ನಗುತ್ತಾರೆ. ಮ್ಯಾನೇಜರ್ ಹಾಳೆಯನ್ನು ಮೇಲಿಂದ ಕೆಳಗೆ ಓದಿ, "ಆಯ್ತು, ಈಗ ಇರೋ ಹಾಗೇ ಇರಲಿ," ಎನ್ನುತ್ತಾರೆ. ಮನುಷ್ಯ ಕೆಟ್ಟವರಲ್ಲ. "ಆದ್ರೆ ಇಷ್ಟೊಂದು ಮೆಸೇಜು ನಿಮಗ್ಯಾಕೆ ಮೇಡಂ, ಪಾಪ? ನಿಮ್ಮ ನಂಬರ್ ತೆಗೆದು ಯಾವುದಾದ್ರೂ ಖಾಲಿ ನಂಬರ್ ಹಾಕೋಣ. ಸರಿ ತಾನೆ?"

ಯಾರೂ ಏನೂ ಹೇಳುವುದಿಲ್ಲ. ಅಕ್ಕನೂ ಹೇಳುವುದಿಲ್ಲ. ಮ್ಯಾನೇಜರ್ ಸರಿಯೆಂದೇ ತಿಳಿದು ಬರೆದುಕೊಳ್ಳುತ್ತಾರೆ, ಎಲ್ಲರೂ ಏಳುತ್ತಾರೆ. ಬಾಗಿಲವರೆಗೆ ಹೋದ ಅಕ್ಕ ಹಿಂದಿರುಗುತ್ತಾರೆ.

"ಸರ್, ಒಂದೇ ಒಂದು. ನಂಬರ್ ಮಾತ್ರ ನಂದೇ ಇರಲಿ."

"ಯಾಕೆ ಮೇಡಂ?"

"ಅಭ್ಯಾಸ ಆಗಿಹೋಗಿದೆ ಸರ್."

ಮ್ಯಾನೇಜರ್ ಭುಜ ಹಾರಿಸಿ, ಬರೆದದ್ದನ್ನು ಹೊಡೆದುಹಾಕುತ್ತಾರೆ.

ಗೆದ್ದದ್ದಕ್ಕೆ ಯಾರೂ ಕೈ ಕುಲುಕಲಿಲ್ಲ. ತಮ್ಮ ಜಾಗಕ್ಕೆ ಬಂದು ಅಕ್ಕ ಕೊನೆಗೂ ಒಂದು ಲೋಟ ನೀರು ಕುಡಿಯುತ್ತಾರೆ. ಹನ್ನೊಂದೂಕಾಲಿಗೆ ಫೋನು ಸದ್ದು ಮಾಡುತ್ತದೆ. ಇಪ್ಪತ್ತೆಂಟು ಜನರಲ್ಲಿ ಯಾರೋ ಆಗಲೇ ಮರೆತಿದ್ದಾರೆ. ಅಕ್ಕ ಕನ್ನಡಕ ಸರಿಮಾಡಿಕೊಂಡು ನಿಧಾನವಾಗಿ ಓದಿ, ನನಗೂ ತೋರಿಸುತ್ತಾರೆ: 'ನಾಳೆ ಬೆಳಿಗ್ಗೆ ಏಳಕ್ಕೆ ಬನ್ನಿ. ನಿಮಗಾಗಿ ಕಾಯುತ್ತಿರುತ್ತೇವೆ.'

"ಸುಳ್ಳು ಅಂತ ನಂಗೊತ್ತು. ಹಾಗೆ ಮಾಡಿಟ್ಟವಳೇ ನಾನಲ್ವಾ?" ಎನ್ನುತ್ತಾರೆ. "ಆದ್ರೂ ಪ್ರತಿ ಸಲ ಪೂರ್ತಿ ಓದ್ತೀನಿ."