ಹಾಯಿಲ್‌ನ ಚಳಿಗೆ ಹಾಕಿಸಿದ ಟಯರು

ಕಾರು ನಿಲ್ಲಿಸಿ ಬಾಗಿಲು ಹಾಕಿ ಹೊರಟವನು ಸ್ವಲ್ಪ ದೂರ ಹೋಗಿ, ಮತ್ತೆ ತಿರುಗಿ ಬಂದು ನಾಲ್ಕೂ ಟಯರುಗಳನ್ನು ಒಮ್ಮೆ ನೋಡುವುದು ನನ್ನ ಚಾಳಿ. ನೋಡುವುದಷ್ಟೇ ಅಲ್ಲ, ಬೂಟಿನ ತುದಿಯಿಂದ ಮೆಲ್ಲಗೆ ಒದ್ದೂ ನೋಡುತ್ತೇನೆ. “ಒದ್ರೆ ಎಂತ ಗೊತ್ತಾಗ್ತದೆ ನಿಮ್ಗೆ?” ಎಂದು ನನ್ನ ಹೆಂಡತಿ ಸುಮತಿ ಕೇಳಿದ್ದಾಳೆ. ಏನೂ ಗೊತ್ತಾಗುವುದಿಲ್ಲ. ದೇವಸ್ಥಾನದ ಮುಂದೆ ಹಾದುಹೋಗುವಾಗ ಕೈ ತಾನಾಗಿ ಎದೆಗೆ ಹೋಗುವಂತೆ ಟಯರಿನ ಮುಂದೆ ನನ್ನ ಕಾಲು ತಾನಾಗಿ ಮುಂದೆ ಹೋಗುತ್ತದೆ. ಓಡುವ ಕಾರಿನ ಒಂದೊಂದು ಟಯರೂ ರಸ್ತೆಯನ್ನು ಮುಟ್ಟುವುದು ಅಂಗೈ ಅಗಲದಷ್ಟು ಮಾತ್ರ ಎಂದು ಎಲ್ಲೋ ಓದಿದ ದಿನದಿಂದ ಈ ಚಾಳಿ ಹಿಡಿದಿದೆ. ನಾಲ್ಕು ಅಂಗೈ ರಬ್ಬರಿನ ಮೇಲೆ ಸಂಸಾರವನ್ನೆಲ್ಲ ಕೂರಿಸಿಕೊಂಡು ಮರುಭೂಮಿ ದಾಟುತ್ತಿದ್ದೇನೆ ಎಂದು ತಿಳಿದ ಮೇಲೂ ನಿಶ್ಚಿಂತೆಯಿಂದ ಹಾಡು ಕೇಳುವವರು ಇರಬಹುದು. ನಾನು ಆ ಪೈಕಿ ಅಲ್ಲ.

ನಾನು ಕುಂದಾಪುರದ ಕಡೆಯವನು. ಬಹಳ ವರ್ಷಗಳಿಂದ ಸೌದಿಯ ಉತ್ತರದ ಹಾಯಿಲ್‌ನಲ್ಲಿ, ಗೋಧಿ, ಖರ್ಜೂರ ಬೆಳೆಯುವ ಕಂಪನಿಯೊಂದರ ಲೆಕ್ಕಪತ್ರ ನೋಡಿಕೊಂಡಿದ್ದೇನೆ. ಗಲ್ಫ್ ಎಂದರೆ ಬರೀ ಬೆವರು ಎಂದು ನಂಬಿ ತೆಳು ಅಂಗಿಗಳನ್ನೇ ತುಂಬಿಕೊಂಡು ಬಂದವನಿಗೆ ಮೊದಲ ಜನವರಿಯಲ್ಲೇ ಹಾಯಿಲ್ ಬುದ್ಧಿ ಕಲಿಸಿತು. ಅಂಗಳದ ಬಕೆಟಿನ ನೀರಿನ ಮೇಲೆ ಬೆಳಿಗ್ಗೆ ಗಾಜಿನಂಥ ಪದರ. ನಮ್ಮ ಕರಾವಳಿಯಲ್ಲಿ ಚಳಿಗಾಲವೆಂದರೆ ಡಿಸೆಂಬರಿನಲ್ಲಿ ಫ್ಯಾನನ್ನು ಒಂದು ಪಾಯಿಂಟ್ ಕಡಿಮೆ ಮಾಡುವುದು, ಅಷ್ಟೇ. ಅಂಥ ಊರಿನಿಂದ ಬಂದ ನಾವು ಇಲ್ಲಿ ಎರಡು ಸ್ವೆಟರ್ ಹಾಕಿ, ಮಂಕಿ ಕ್ಯಾಪ್ ಎಳೆದುಕೊಂಡು, ಅಂಗಡಿಗೆ ಹಾಲು ತರಲು ಹೋಗುವುದನ್ನೂ ಹಿಮಾಲಯದ ಚಾರಣದಂತೆ ಮಾಡುತ್ತೇವೆ. ಊರಿಗೆ ಫೋನ್ ಮಾಡಿದಾಗ ಆ ಚಳಿಗೆ ಇನ್ನೊಂದಿಷ್ಟು ಉಪ್ಪುಖಾರ ಹಚ್ಚುತ್ತೇವೆ. ಬೆವರಿನ ಕತೆ ಕೇಳಿ ಕೇಳಿ ಊರಿನವರಿಗೂ ಸಾಕಾಗಿರುತ್ತದೆ ನೋಡಿ.

ಈ ಉಪ್ಪುಖಾರದಲ್ಲಿ ಅಶ್ರಫ್‌ನನ್ನು ಮೀರಿಸುವವರಿಲ್ಲ. ಉಪ್ಪಿನಂಗಡಿಯವನು, ಮನೆಮಾತು ಬ್ಯಾರಿ, ನನಗಿಂತ ತುಂಬ ಚಿಕ್ಕವನು. ಹಾಯಿಲ್‌ನ ಒಂದು ಟಯರ್ ಅಂಗಡಿಯಲ್ಲಿ ಕೆಲಸ. ಯಾವ ಮಾತಿಗೂ “ಯಲ್ಲಾ”, ಅಂದರೆ ನಡೀರಿ ನಡೀರಿ, ಎಂದು ಎದ್ದು ನಿಲ್ಲುವ ಅವಸರದ ಜೀವ. “ಇಲ್ಲಿ ಉಗುಳಿದ್ರೆ ನೆಲಕ್ಕೆ ಬೀಳುವಾಗ ಐಸ್ ಆಗಿರ್ತದೆ ಉಮ್ಮ” ಎಂದು ಅವನು ಊರಿನಲ್ಲಿದ್ದ ಅತ್ತೆಗೆ, ಅಂದರೆ ಹೆಂಡತಿಯ ತಾಯಿಗೆ, ಫೋನಿನಲ್ಲಿ ಹೇಳಿದ್ದನ್ನು ನಾನೇ ಪಕ್ಕದಲ್ಲಿ ಕೂತು ಕೇಳಿದ್ದೇನೆ.

ಈ ಅಶ್ರಫ್ ಕಳೆದ ಚಳಿಗಾಲದ ಆರಂಭದಲ್ಲಿ ನನ್ನನ್ನು ಅಂಗಡಿಯ ಹಿಂದಕ್ಕೆ ಕರೆದೊಯ್ದು ನಾಲ್ಕು ಟಯರು ತೋರಿಸಿದ. ಯಾವುದೋ ಹಿಮದ ದೇಶದ ಸಾಮಾನಿನ ಜೊತೆ ಬಂದವು. ಮೈತುಂಬ ಆಳವಾದ ಗೀರುಗಳು, ಗೀರುಗಳ ನಡುವೆ ಬಾಚಣಿಗೆಯಲ್ಲಿ ಎಳೆದಂಥ ಸಣ್ಣ ಸಣ್ಣ ಗೆರೆಗಳು, ಬದಿಯಲ್ಲಿ ಬೆಟ್ಟ ಮತ್ತು ಹಿಮದ ಚಿತ್ರ.

“ಚಳಿಗಾಲಕ್ಕಂತ್ಲೇ ಮಾಡಿದ್ದು ಶೆಟ್ರೆ. ಹಾಯಿಲ್‌ನಲ್ಲಿ ಚಳಿ ಉಂಟಾ ಇಲ್ವಾ?”

“ಉಂಟು.”

“ಮತ್ತೆ ಎಂತ ಆಲೋಚನೆ ಮಾರಾಯ್ರೆ?”

ಈ ತರ್ಕದಲ್ಲಿ ತಪ್ಪು ಹುಡುಕಲು ಕರಾವಳಿಯವನಿಗೆ ಸಾಧ್ಯವಿಲ್ಲ. ನಮಗೆ ಇರುವುದು ಒಂದೇ ಚಳಿ: ನಮಗೆ ಆಗುವ ಚಳಿ. ಅದಕ್ಕಿಂತ ದೊಡ್ಡದೊಂದು ಚಳಿ ಇರಬಹುದು, ಈ ಟಯರು ಹುಟ್ಟಿದ್ದು ಅದಕ್ಕಾಗಿ ಎಂದು ಸ್ವೆಟರ್ ಮೇಲೆ ಸ್ವೆಟರ್ ಹಾಕಿ ನಿಂತ ನಮ್ಮಿಬ್ಬರಲ್ಲಿ ಯಾರಿಗೂ ಹೊಳೆಯಲಿಲ್ಲ. ಅಶ್ರಫ್ ಅವತ್ತೇ ಹಾಕಿಸಿಬಿಟ್ಟ.

ಹಾಕಿಸಿದ ಮೇಲೆ ನಾನು ಅದರ ಶಾಸ್ತ್ರ ಓದಿದೆ. ಯಾವತ್ತೂ ನನ್ನದು ಇದೇ ಕ್ರಮ. ಸಾಮಾನ್ಯ ರಬ್ಬರು ಕಡು ಚಳಿಯಲ್ಲಿ ಗಟ್ಟಿಯಾಗಿ ಹಿಡಿತ ಬಿಡುತ್ತದಂತೆ. ಆದ್ದರಿಂದ ಹಿಮದ ದೇಶದವರು ಚಳಿಯಲ್ಲೂ ಮೆತ್ತಗಿರುವ ರಬ್ಬರು ಮಾಡಿ, ಚಳಿಗಾಲ ಮುಗಿದೊಡನೆ ಬಿಚ್ಚಿ ಗೋಡೆಗೆ ಒರಗಿಸಿಡುತ್ತಾರಂತೆ. ವರ್ಷಕ್ಕೆರಡು ಸಲ ಟಯರು ಬದಲಿಸುವ ಜನರ ಶಿಸ್ತನ್ನು ನಾನು ಮೆಚ್ಚಿಕೊಂಡೆ. ಬಿಸಿಲಿನಲ್ಲಿ ಅದೇ ರಬ್ಬರು ಏನಾಗುತ್ತದೆ ಎಂಬ ಅಧ್ಯಾಯಕ್ಕೆ ಬರುವಷ್ಟರಲ್ಲಿ ನಿದ್ದೆ ಬಂದಿತ್ತು. ಆ ಚಳಿಗಾಲವೆಲ್ಲ ಕಾರು ನೆಲಕ್ಕೆ ಅಂಟಿಕೊಂಡಂತೆ ಓಡಿತು. ಸಿಕ್ಕವರಿಗೆಲ್ಲ ನನ್ನ ಟಯರಿನ ಗುಣಗಾನ ಮಾಡಿದೆ. ನಾನು ಬರುವುದನ್ನು ಕಂಡು ರಸ್ತೆ ದಾಟುವವರೂ ಹುಟ್ಟಿಕೊಂಡರು.

ಫೆಬ್ರವರಿ ಕೊನೆಯ ಒಂದು ಸಂಜೆ ಅಶ್ರಫ್ ನಮ್ಮ ಮನೆಗೆ ಬಂದ. ಬಂದವನು ಕೂರಲೂ ಇಲ್ಲ, ಯಲ್ಲಾ ಎನ್ನಲೂ ಇಲ್ಲ. ಅವನ ಹೆಂಡತಿ ನಸೀಮಾಳಿಗೆ ಚೊಚ್ಚಲ ಬಸಿರು. ಚೊಚ್ಚಲ ಹೆರಿಗೆ ತಾಯಿಮನೆಯಲ್ಲೇ ಆಗಬೇಕೆಂಬುದು ನಮ್ಮ ಕಡೆ ಎಲ್ಲ ಜಾತಿ ಮತದವರಲ್ಲೂ ಇರುವ ಪದ್ಧತಿ. ಅವಳ ಅಣ್ಣ ಶಾಫಿ ಇದ್ದದ್ದು ಸೌದಿಯದೇ ದಕ್ಷಿಣದ ತುದಿಯ ಜಿಜಾನ್‌ನಲ್ಲಿ. ಅವನು ತಾಯಿಯನ್ನು ವಿಸಿಟ್ ವೀಸಾದಲ್ಲಿ ಅಲ್ಲಿಗೇ ಕರೆಸಿಕೊಂಡಿದ್ದ. ತಾಯಿ ಇದ್ದಲ್ಲೇ ತಾಯಿಮನೆ ಎಂದು ತೀರ್ಮಾನಿಸಿ ನಸೀಮಾಳನ್ನು ಹಾಯಿಲ್‌ನಿಂದ ಜಿಜಾನ್‌ಗೆ ಕಳಿಸಿದ್ದರು. ಹೆರಿಗೆಗೆ ಇನ್ನೂ ಮೂರು ವಾರ ಇದೆ ಎಂದುಕೊಂಡಿದ್ದವರಿಗೆ ಆ ಸಂಜೆ ಫೋನ್ ಬಂದಿತ್ತು. ಹೊಟ್ಟೆಯಲ್ಲಿ ಮಗುವಿನ ಸುತ್ತಲಿನ ನೀರು ಕಡಿಮೆಯಾಗಿದೆ, ನಾಡಿದ್ದು ಮಧ್ಯಾಹ್ನ ಆಪರೇಷನ್ ಮಾಡಿ ಮಗುವನ್ನು ತೆಗೆಯುತ್ತಾರೆ.

ಶಾಲೆಗಳಿಗೆ ರಜೆ, ವಿಮಾನಗಳೆಲ್ಲ ಭರ್ತಿ. ಅಂಗಡಿಯ ಪಿಕಪ್ ಕಫೀಲ್‌ನದ್ದು, ಅಂದರೆ ವೀಸಾ ಕೊಟ್ಟ ಧಣಿಯದ್ದು, ಊರು ದಾಟಿಸುವಂತಿಲ್ಲ.

“ಮಗು ಹುಟ್ಟಿದ ಕೂಡ್ಲೆ ಬಲಗಿವಿಗೆ ಬಾಂಗ್ ಕೊಡ್ಬೇಕು ಶೆಟ್ರೆ. ಅಪ್ಪ ಕೊಡ್ಬೇಕು,” ಎಂದ. ನಮಾಜಿನ ಕರೆಯನ್ನು ಅವರು ಬಾಂಗ್ ಎನ್ನುತ್ತಾರೆ. ಅದು ಮಗು ಈ ಲೋಕದಲ್ಲಿ ಕೇಳುವ ಮೊದಲ ಮಾತಾಗಬೇಕಂತೆ. “ನನ್ನ ಅಪ್ಪ ಬೊಂಬಾಯಿಯಲ್ಲಿದ್ರು. ನನಗೆ ಕೊಟ್ಟದ್ದು ಪಕ್ಕದ ಮನೆಯವ್ರು. ನನ್ನ ಮಗುವಿಗೆ ಹಾಗೆ ಆಗ್ಬಾರ್ದು.”

ಸುಮತಿ ಒಳಗಿನಿಂದಲೇ, “ನೀವು ಕರ್ಕೊಂಡು ಹೋಗಿ” ಎಂದಳು. ಅವಳು ಹೇಳದಿದ್ದರೂ ಹೋಗುತ್ತಿದ್ದೆ, ಆದರೆ ನಾನಾಗಿ ಅಷ್ಟು ಬೇಗ ಹೇಳುತ್ತಿರಲಿಲ್ಲ. ಹಾಯಿಲ್‌ನಿಂದ ಜಿಜಾನ್ ಎಂದರೆ ಸಾವಿರದೈನೂರು ಕಿಲೋಮೀಟರಿನ ಹತ್ತಿರ.

ಬೆಳಗಿನ ನಮಾಜು ಮುಗಿದ ಕೂಡಲೇ ಹೊರಟೆವು. ಗಾಜಿನ ಮೇಲಿನ ಮಂಜನ್ನು ಬಸ್ಸಿನ ಹಳೇ ಪಾಸಿನಿಂದ ಕೆರೆದು ತೆಗೆದೆ. ಊರಾಚೆ ರಸ್ತೆ ಬಿಳಿಚಿಕೊಂಡಿತ್ತು, ಮುಂದಿನ ಲಾರಿಯೊಂದು ಇಳಿಜಾರಿನಲ್ಲಿ ಬಾಲ ಬೀಸಿದಂತೆ ಓಲಾಡಿತು. ನಮ್ಮ ಕಾರು ಜಗ್ಗಲಿಲ್ಲ. ಮದೀನಾದ ದಾರಿಯಲ್ಲಿ ಮಳೆ ಹಿಡಿಯಿತು. ಇಲ್ಲಿಯ ಮಳೆ ಅಪರೂಪ, ಬಂದರೆ ಮಾತ್ರ ಒಣಗಿದ ಹಳ್ಳಗಳೆಲ್ಲ ಒಟ್ಟಿಗೇ ರಸ್ತೆಗೆ ಹತ್ತುತ್ತವೆ. ಬದಿಯಲ್ಲಿ ಎರಡು ಕಾರುಗಳು ತಿರುಗಿ ನಿಂತಿದ್ದವು. ನಮ್ಮ ಟಯರಿನ ಗೀರುಗಳು ನೀರನ್ನು ಸೀಳಿ ಎರಡೂ ಬದಿಗೆ ಎಸೆಯುತ್ತಿದ್ದ ಸದ್ದು ಒಳಗೆ ಕೇಳುತ್ತಿತ್ತು. ಸ್ಟಿಯರಿಂಗ್ ಹಿಡಿದ ನನ್ನ ಬೆರಳುಗಳು ಮರಗಟ್ಟಿದ್ದರೂ ಕಾರು ಗೆರೆ ತಪ್ಪಲಿಲ್ಲ. “ಯಾರು ಹಾಕಿಸಿದ ಟಯರು?” ಎಂದು ಅಶ್ರಫ್ ಆ ದಿನದ ಮೊದಲ ನಗು ನಕ್ಕ. ಆ ರಾತ್ರಿ ಜಿದ್ದಾದಲ್ಲಿ ಪರಿಚಿತರ ಕೋಣೆಯಲ್ಲಿ ಮಲಗಿದೆವು.

ಮರುದಿನ ಸಮುದ್ರದ ಬದಿಯ ದಾರಿ. ಸ್ವೆಟರು ಬಿಚ್ಚಿ ಹಿಂದಿನ ಸೀಟಿಗೆ ಎಸೆದೆವು. ಸ್ವಲ್ಪ ಹೊತ್ತಿಗೆ ಅಂಗಿಯ ಗುಂಡಿ ತೆಗೆದೆವು. ಬಿಸಿಲೇರುತ್ತಿದ್ದಂತೆ ಕಾರಿನ ಕೆಳಗಿನಿಂದ ಗುಂಯ್ ಎಂಬ ಸದ್ದು ಶುರುವಾಯಿತು. ಸ್ಟಿಯರಿಂಗ್ ಒಂದು ಕಡೆ ತಿರುಗಿಸಿದರೆ ಕಾರು ಯೋಚನೆ ಮಾಡಿ ತಿರುಗುತ್ತಿತ್ತು, ಕೆಸರುಗದ್ದೆಯ ಬದುವಿನ ಮೇಲೆ ಚಪ್ಪಲಿ ಹಾಕಿ ನಡೆದ ಹಾಗೆ. ನನ್ನ ಕಾಲು ತಾನಾಗಿ ಆಕ್ಸಿಲರೇಟರಿನಿಂದ ಮೇಲೆ ಬಂತು.

“ಎಂತ ಶೆಟ್ರೆ, ಯಲ್ಲಾ, ಹೊತ್ತಾಯ್ತು.”

“ಟಯರು ಎಂತದೋ ಮಾಡ್ತಾ ಉಂಟು ಮಾರಾಯ.”

“ಟಯರಿಗೆ ಎಂತ ಆಗುದಿಲ್ಲ. ನಾನೇ ಹಾಕ್ಸಿದ್ದಲ್ವಾ?”

ಅಷ್ಟರಲ್ಲಿ ಶಾಫಿಯ ಫೋನ್. ಡಾಕ್ಟರ್ ಕಾಯುವುದು ಬೇಡ ಎಂದಿದ್ದಾರೆ, ನಸೀಮಾಳನ್ನು ಈಗಲೇ ಥಿಯೇಟರಿಗೆ ಒಯ್ಯುತ್ತಿದ್ದಾರೆ. ಅಶ್ರಫ್ ಫೋನ್ ಇಟ್ಟವನು ಡ್ಯಾಶ್‌ಬೋರ್ಡಿನ ಮೇಲೆ ಎರಡೂ ಕೈ ಊರಿ ಮುಂದೆ ಬಾಗಿದ, ತಾನು ಬಾಗಿದಷ್ಟೂ ಕಾರು ಮುಂದೆ ಹೋಗುತ್ತದೆ ಎನ್ನುವಂತೆ. “ಒತ್ತಿ ಶೆಟ್ರೆ, ಒತ್ತಿ.” ನಾನು ಒತ್ತಿದೆ. ಜೀವಮಾನದಲ್ಲಿ ಅಷ್ಟು ವೇಗ ನಾನು ಹೋದವನಲ್ಲ. ಗಾಳಿ ಎದ್ದು ರಸ್ತೆಯ ಮೇಲೆ ಮರಳು ಅಡ್ಡಡ್ಡ ಹರಿಯತೊಡಗಿತು. ಆ ಮರಳಿನ ಪರದೆಯಿಂದ ಒಂದು ಒಂಟೆ, ತನ್ನ ಮನೆಯ ಅಂಗಳಕ್ಕೆ ಇಳಿದಂತೆ, ನಿಧಾನವಾಗಿ ರಸ್ತೆಗೆ ಬಂತು.

ಬ್ರೇಕ್ ಒತ್ತಿದೆ. ಕಾರು ನಿಲ್ಲಲಿಲ್ಲ. ಇನ್ನೂ ಒತ್ತಿದೆ. ಕಾರು ಮೈ ಮುರಿಯುತ್ತಾ ಎಡಕ್ಕೂ ಬಲಕ್ಕೂ ಹೊಯ್ದಾಡಿತು, ಒಂಟೆ ದೊಡ್ಡದಾಗುತ್ತಾ ಬಂತು, ಅಶ್ರಫ್ ಜೋರಾಗಿ ದೇವರ ಹೆಸರು ಹೇಳಿದ, ನಾನೂ ಹೇಳಿದೆ, ಯಾರ ದೇವರದ್ದೋ ನೆನಪಿಲ್ಲ. ಕಾರು ನಿಂತಾಗ ಗಾಜಿನ ತುಂಬ ಒಂಟೆಯ ಹೊಟ್ಟೆಯೇ ಇತ್ತು. ಅದು ಕತ್ತು ಬಗ್ಗಿಸಿ ನಮ್ಮಿಬ್ಬರನ್ನೂ ಒಮ್ಮೆ ನೋಡಿ ಆಚೆ ನಡೆದುಹೋಯಿತು.

ಬದಿಗೆ ತಂದು ನಿಲ್ಲಿಸಿದೆ. ಅಶ್ರಫ್ ಇಳಿದು ಮುಂದಿನ ಟಯರಿನ ಮೇಲೆ ಅಂಗೈ ಇಟ್ಟ. ತಟ್ಟನೆ ಕೈ ಹಿಂದೆಗೆದ. ಮತ್ತೆ ಇಟ್ಟ. ಗೀರುಗಳ ನಡುವಿನ ರಬ್ಬರನ್ನು ಉಗುರಿನಿಂದ ಒತ್ತಿದರೆ ಬೆಲ್ಲದ ಪಾಕದಂತೆ ತಗ್ಗಿತು. ಅಂಚಿನಲ್ಲಿ ಎರಡು ಮೂರು ಕಡೆ ತುಣುಕೇ ಕಿತ್ತುಬಂದಿತ್ತು. ಅವನು ಬಿಸಿಲಿನಲ್ಲಿ ಕುಕ್ಕರುಗಾಲಲ್ಲಿ ಕೂತೇ ಇದ್ದ. ಎಷ್ಟೋ ಜನರ ಕಾರಿಗೆ ಟಯರು ಹಾಕಿದವನು ತಾನು ಹಾಕಿದ ಟಯರಿನ ಮೇಲೆ ತನ್ನದೇ ಕೆಲಸಕ್ಕೆ ಹೊರಟದ್ದು ಅದೇ ಮೊದಲಿರಬೇಕು.

ಸ್ವಲ್ಪ ಮುಂದೆ ಒಂದು ಬಂಶರ್, ಅಂದರೆ ಇಲ್ಲಿಯ ಪಂಕ್ಚರ್ ಅಂಗಡಿ, ಸಿಕ್ಕಿತು. ಲಾರಿಯ ಟಯರು ಇದ್ದವು, ನಮ್ಮ ಅಳತೆಯದು ಇರಲಿಲ್ಲ. ಅಶ್ರಫ್ ಮರಳಿ ಬಂದು ಕೂತು ಫೋನ್ ತೆಗೆದ. ಬ್ಯಾರಿಯಲ್ಲಿ ಶಾಫಿಗೆ ಹೇಳಿದ್ದು ನನಗೂ ಅರ್ಥವಾಯಿತು: ನಾವು ನಿಧಾನ ಬರಬೇಕು, ತಡವಾಗುತ್ತದೆ, ನನಗೆ ಕಾಯಬೇಡ, ಬಾಂಗ್ ನೀನೇ ಕೊಡು. ಫೋನ್ ಇಟ್ಟು ಕಿಟಕಿಯ ಕಡೆ ತಿರುಗಿದ.

“ನಿಧಾನ ಹೋಗುವ ಶೆಟ್ರೆ. ಸುಮತಿಯಕ್ಕ ಅಲ್ಲಿ ಕಾಯ್ತಾ ಇರ್ತಾರೆ.”

ನಾನು ರಸ್ತೆಯ ಬಲಬದಿ ಹಿಡಿದು ನಿಧಾನವಾಗಿ ಬಿಟ್ಟೆ. ಅಳು ಬಂತು ಎಂದು ಹೇಳಿಕೊಳ್ಳಲು ನಾಚಿಕೆಯೇನಿಲ್ಲ. ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಾ ನಮ್ಮನ್ನು ದಾಟಿಹೋದವು, ಕೋಳಿಗಳನ್ನು ತುಂಬಿದ ಒಂದು ಹಳೇ ವ್ಯಾನ್ ಕೂಡ. ಅರ್ಧ ದಾರಿಯಲ್ಲಿ ಗಂಡು ಮಗು, ಇಬ್ಬರೂ ಕ್ಷೇಮ ಎಂದು ಶಾಫಿಯ ಸಂದೇಶ ಬಂತು. ಅಶ್ರಫ್ ಅದನ್ನು ನನಗೆ ಓದಿ ಹೇಳಿ, ಫೋನನ್ನು ಬೋರಲು ಹಾಕಿ ತೊಡೆಯ ಮೇಲೆ ಇಟ್ಟುಕೊಂಡ. ಬಾಂಗ್ ವಿಷಯ ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಜಿಜಾನ್‌ನ ಆಸ್ಪತ್ರೆ ತಲುಪಿದಾಗ ಬಿಸಿಲು ಬಾಗಿತ್ತು. ಕಾರಿಡಾರಿನಲ್ಲಿ ಶಾಫಿ ಅಪರಾಧಿಯಂತೆ ನಿಂತಿದ್ದ. ಅವನ ಪಕ್ಕದಲ್ಲಿ ಅಶ್ರಫ್‌ನ ಅತ್ತೆ ಮಗುವನ್ನು ಎದೆಗವಚಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಒಳಗೆ ಏಸಿ ಮಗುವಿಗಾಗದು ಎಂದು ಹೊರಗೆ ತಂದಿದ್ದರಂತೆ. ಮಗುವಿಗೆ ಕೈಗೆ ಉಣ್ಣೆ, ಕಾಲಿಗೆ ಉಣ್ಣೆ, ತಲೆಗೆ ಕಿವಿಯೆರಡನ್ನೂ ಮುಚ್ಚಿ ಗಲ್ಲದ ಕೆಳಗೆ ಬಿಗಿದು ಕಟ್ಟಿದ ದಪ್ಪ ಉಣ್ಣೆಯ ಟೊಪ್ಪಿ. ಸೌದಿಯ ಚಳಿಗೆಂದು ಊರಿನಲ್ಲೇ ಕೂತು ಹೆಣೆದು ತಂದದ್ದು. ಅಳಿಯ ಫೋನಿನಲ್ಲಿ ಹೇಳಿದ ಚಳಿಯನ್ನು ಆ ತಾಯಿ ಅಕ್ಷರಶಃ ನಂಬಿದ್ದರು. ಜಿಜಾನ್‌ನ ಧಗೆಯಲ್ಲಿ ಮಗುವಿನ ಮುಖ ದಾಸವಾಳದಂತಾಗಿತ್ತು.

“ಬಾಂಗ್ ಕೊಟ್ಟೆಯಾ?” ಅಶ್ರಫ್ ಶಾಫಿಯನ್ನು ಕೇಳಿದ.

ಶಾಫಿ ತಾಯಿಯನ್ನು ತೋರಿಸಿದ. ಅವರು ನನ್ನ ಕಡೆ ತಿರುಗಿ ಕನ್ನಡದಲ್ಲೇ ಹೇಳಿದರು: “ನಾನು ಟೊಪ್ಪಿ ಬಿಚ್ಲಿಕ್ಕೇ ಬಿಡ್ಲಿಲ್ಲ ಶೆಟ್ರೆ. ಅಪ್ಪ ದಾರಿಯಲ್ಲಿದ್ದಾನಲ್ಲ, ಬರ್ತಾನಲ್ಲ. ಬರುವವರೆಗೆ ಕಿವಿ ಹಾಗೇ ಇರ್ಲಿ.”

ಅಶ್ರಫ್ ಮಗುವಿನ ಹಣೆಯ ಮೇಲೆ ಅಂಗೈ ಇಟ್ಟ. ಬೆಳಿಗ್ಗೆ ಟಯರಿನ ಮೇಲೆ ಇಟ್ಟ ಅದೇ ಅಂಗೈ. ನನ್ನನ್ನು ನೋಡಿದ. ನಗುವೋ ಅಳುವೋ ಅವನಿಗೇ ಗೊತ್ತಿರಲಿಲ್ಲ.

“ಇದಕ್ಕೂ ಚಳಿಗಾಲದ್ದು ಹಾಕ್ಸಿದ್ದಾರೆ ಶೆಟ್ರೆ.”

ಗಲ್ಲದ ಕೆಳಗಿನ ಗಂಟು ಬಿಚ್ಚಿ, ಬೆವರಿನಿಂದ ಒದ್ದೆಯಾದ ಟೊಪ್ಪಿಯನ್ನು ಮೆಲ್ಲಗೆ ಮೇಲೆತ್ತಿದ. ಪುಟ್ಟ ಬಲಗಿವಿ ಗಾಳಿಗೆ ಬಂತು. ಅವನು ಬಾಗಿ, ಜೀವಮಾನದಲ್ಲಿ ಮೊದಲ ಬಾರಿಗೆ ಯಾವ ಅವಸರವೂ ಇಲ್ಲದೆ, ಒಂದೊಂದೇ ಮಾತನ್ನು ಬಿಡಿಸಿ ಬಿಡಿಸಿ ಹೇಳತೊಡಗಿದ.