ರಾಮಲಕ್ಷ್ಮಮ್ಮನ ತೋಟದ ಕಳ್ಳ

ಎಂಬತ್ತಾರರಲ್ಲಿ ಚಿಂತಾಮಣಿಯ ಶಾಲೆಗೆ ವರ್ಗವಾಗಿ ಬಂದಾಗ ನಾನು ರಾಮಲಕ್ಷ್ಮಮ್ಮನವರ ಮನೆಯ ಮುಂಭಾಗದಲ್ಲಿ ಬಾಡಿಗೆಗಿದ್ದೆ. ನನ್ನ ಮಾತಿರಲಿ, ಆಕೆ ನನ್ನ ಹಾಲಿನ ಪಾತ್ರೆಯನ್ನೂ ನಂಬುತ್ತಿರಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಕೈತೋಟಕ್ಕೆ ಗಿಡ ಆರಿಸುವಾಗಲೂ ಹೆಣ್ಣಿಗೆ ಗಂಡು ಹುಡುಕುವಷ್ಟೇ ವಿಚಾರಣೆ. ರಾತ್ರಿರಾಣಿ ಹಾವನ್ನು ಕರೆಯುತ್ತದೆ, ಬೇಡ. ಗುಲ್‌ಮೊಹರ್ ಗಾಳಿಗೆ ಮುರಿದು ಹೆಂಚಿನ ಮೇಲೆ ಬೀಳುತ್ತದೆ, ಬೇಡ. ನರ್ಸರಿಯವನು ಕೆಂಪು ಎಂದು ಕೊಟ್ಟದ್ದು ಬಿಳಿ ಹೂ ಬಿಟ್ಟರೆ? ತಾಯಿಗಿಡದಲ್ಲಿ ಹೂವನ್ನು ಕಣ್ಣಾರೆ ಕಂಡ ಮೇಲೆಯೇ ಅದರ ಕಡ್ಡಿ ತಂದು ನೆಡುತ್ತಿದ್ದರು. ಹೀಗೆ ಅಳೆದು ಸುರಿದು ಗೇಟಿನ ಎರಡೂ ಕಡೆ ಕ್ರೋಟನ್, ನಲ್ಲಿಯ ಬಳಿ ಮುದ್ದೆ ದಾಸವಾಳ, ಮೂಲೆಗೊಂದು ದೇವಕಣಗಿಲೆ ಮರ ಬಂದಿದ್ದವು. ತೋಟ ನಿಜಕ್ಕೂ ಚೆಂದವಿತ್ತು. ಆದರೆ ಒಂದು ಕಡ್ಡಿಯನ್ನೂ ಯಾರಿಗೂ ಕೊಡುತ್ತಿರಲಿಲ್ಲ.

ಒಬ್ಬಳೇ ಮಗಳು ಅನಸೂಯಳನ್ನು ಗೌರಿಬಿದನೂರಿಗೆ ಕೊಟ್ಟಿದ್ದರು. ಅಳಿಯನ ಕಣ್ಣು ನಮ್ಮ ಸೈಟಿನ ಮೇಲಿದೆ ಎಂದು ಗೌರಿ ಹಬ್ಬದ ಊಟದ ನಡುವೆ ಈಕೆ ಆಡಿಬಿಟ್ಟರಂತೆ. ಎಲೆ ಬಿಟ್ಟು ಎದ್ದ ಮಗಳು ಎರಡು ವರ್ಷವಾದರೂ ತವರಿಗೆ ಬಂದಿರಲಿಲ್ಲ. ಹಬ್ಬ ಬಂತೆಂದರೆ ರಾಮಲಕ್ಷ್ಮಮ್ಮ ಗೇಟಿನ ಬಳಿ ಸುಮ್ಮನೆ ನಿಲ್ಲುತ್ತಿದ್ದರು. ಕೇಳಿದರೆ, ಬೀದಿ ಮೇಕೆ ನುಗ್ಗದಂತೆ ಕಾಯುತ್ತಿದ್ದೇನೆ ಎನ್ನುವರು.

ಒಂದು ಬೆಳಿಗ್ಗೆ ದಾಸವಾಳದ ಕೊಂಬೆಯೊಂದು ಓರೆಯಾಗಿ ಕೊಯ್ದಂತಿತ್ತು. ಮುಂದಿನ ತಿಂಗಳು ಕ್ರೋಟನ್.

“ಚೂಸ್ತಿರಾ, ನೋಡಿದ್ರಾ ಟೀಚರಮ್ಮ? ಇದು ಮೇಕೆ ಅಲ್ಲ, ಚಾಕು. ಕೇಳಿ ತಂದ ಗಿಡ ಹತ್ತಲ್ಲ, ಕದ್ದದ್ದೇ ಹತ್ತೋದು ಅಂತ ಯಾರೋ ಕದೀತಾವ್ರೆ” ಎಂದರು ರಾಮಲಕ್ಷ್ಮಮ್ಮ.

ಅನುಮಾನ ಪಕ್ಕದ ಮನೆಯ ಹಫೀಜಾಳ ಮೇಲೆ ಹೋಯಿತು. ಅವಳ ಗಂಡನದು ರೇಷ್ಮೆ ಗೂಡು ಬೇಯಿಸಿ ನೂಲು ತೆಗೆಯುವ ಕೆಲಸ. ರಾಮಲಕ್ಷ್ಮಮ್ಮ ಬೀದಿಯಲ್ಲೇ ಕೇಳಿಬಿಟ್ಟರು.

“ಏನಮ್ಮ ಹಫೀಜಾ, ನಮ್ಮ ದಾಸವಾಳ ನಿಮ್ಮನೇಲಿ ಚಿಗುರಿತಾ?”

“ಅಲ್ಲಾ! ನಮ್ಮನೇಲಿ ಗೂಡು ಬೇಯ್ಸೋಕೇ ಜಾಗ ಇಲ್ಲ, ಗಿಡ ಎಲ್ಲಿಡ್ಲಿ ಅಕ್ಕಾ?” ಎಂದ ಹಫೀಜಾಳ ಕಣ್ಣಲ್ಲಿ ನೀರಾಡಿತು. ಅಂದಿನಿಂದ ಅವಳು ನಮ್ಮ ಗೇಟಿನತ್ತ ತಿರುಗಿ ನೋಡಲಿಲ್ಲ. ರಾಮಲಕ್ಷ್ಮಮ್ಮನ ಯಜಮಾನರು ಆವುಲಪ್ಪನವರು ಜಗಲಿಯಲ್ಲೇ ಕೂತಿದ್ದರೂ ಪೇಪರಿನಿಂದ ತಲೆ ಎತ್ತಲಿಲ್ಲ.

ದೇವಕಣಗಿಲೆಯ ಎರಡನೇ ಕೊಂಬೆಯೂ ಹೋದ ದಿನ ಅನುಮಾನ ಮನೆಯೊಳಕ್ಕೇ ತಿರುಗಿತು. ಆವುಲಪ್ಪ ಪಿಂಚಣಿ ಕೆಲಸವೆಂದು ಚೀಲ ಹಿಡಿದು ಚಿಕ್ಕಬಳ್ಳಾಪುರಕ್ಕೆ ಹೊರಟಿದ್ದರು.

“ಇವತ್ತು ಎರಡನೇ ಶನಿವಾರ. ಯಾವ ಆಫೀಸ್ ತೆಗ್ದಿರುತ್ತೆ? ನಡೀರಿ ಟೀಚರಮ್ಮ, ನಂಗೊಂದು ಸಾಕ್ಷಿ ಬೇಕು.”

ಬೇಡವೆಂದರೆ ನನ್ನ ಮೇಲೂ ಅನುಮಾನ ಬರುತ್ತಿತ್ತು. ಅದೇ ಬಸ್ಸಿನ ಮುಂದಿನ ಸೀಟಿನಲ್ಲಿ ಮುಖಕ್ಕೆ ಸೆರಗು ಎಳೆದುಕೊಂಡು ಕೂತೆವು. ಚಿಕ್ಕಬಳ್ಳಾಪುರ ಬಂತು, ಆವುಲಪ್ಪ ಇಳಿಯಲಿಲ್ಲ. “ನೋಡಿದ್ರಾ, ಯಾವಳೋ ಇದ್ದಾಳೆ” ಎಂದು ಈಕೆ ನನ್ನ ಕೈ ಹಿಂಡಿದರು.

ಆತ ಇಳಿದದ್ದು ಗೌರಿಬಿದನೂರಿನಲ್ಲಿ. ಹಿಂದೆಯೇ ಹೋದೆವು. ಮಗಳ ಮನೆಗೆಂದು ರಾಮಲಕ್ಷ್ಮಮ್ಮ ತೋರಿಸಿದ ತಿರುವನ್ನೂ ದಾಟಿ, ಹೊಸ ಬಡಾವಣೆಯ ಸಣ್ಣ ಮನೆಯೊಂದನ್ನು ಆತ ಹೊಕ್ಕರು. ಅದರ ಗೇಟಿನ ಎರಡೂ ಕಡೆ ಕ್ರೋಟನ್, ನಲ್ಲಿಯ ಬಳಿ ಮುದ್ದೆ ದಾಸವಾಳ.

“ಈ ಮುಂಡೆ ನನ್ನ ತೋಟಾನೇ ಎತ್ತಿಟ್ಕೊಂಡವ್ಳೆ!” ಎಂದು ರಾಮಲಕ್ಷ್ಮಮ್ಮ ಗೇಟು ನೂಕಿದರು.

ನೀರಿನ ಬಕೆಟ್ ಹಿಡಿದು ಹಿತ್ತಲಿನಿಂದ ಬಂದವಳು ಅನಸೂಯ.

ಆವುಲಪ್ಪ ತಡವರಿಸಿದರು. “ಇಲ್ಲಿಗೆ ಮನೆ ಬದಲಾಯಿಸಿದ್ರು ಕಣೇ. ತವರಿನ ಗಿಡಾನೇ ಬೇಕು ಅಂದ್ಲು. ನಿನ್ನ ಕೇಳಿದ್ರೆ ಕೊಡ್ತಿದ್ದಾ?”

ಹಫೀಜಾ ಅಷ್ಟು ಮಾತು ಕೇಳಬೇಕಾಗಿ ಬಂದಾಗಲೂ ಸುಮ್ಮನೆ ಕೂತಿದ್ದ ಈ ಮನುಷ್ಯನ ಮೇಲೆ ನನಗೆ ಕೆಟ್ಟ ಕೋಪ ಬಂತು. ರಾಮಲಕ್ಷ್ಮಮ್ಮ ಗಂಡನನ್ನು ನೋಡಲಿಲ್ಲ, ಮಗಳನ್ನೂ ನೋಡಲಿಲ್ಲ. ನೆಟ್ಟಗೆ ಮೂಲೆಗೆ ನಡೆದರು. ಅಲ್ಲಿ ಹೋದ ಸಲ ನೆಟ್ಟ ದೇವಕಣಗಿಲೆಯ ಕಡ್ಡಿ ಬುಡದಲ್ಲಿ ಮೆತ್ತಗಾಗಿತ್ತು.

“ಬಚ್ಚಲ ನೀರು ಹರಿಯೋ ಕಡೆ ನೆಟ್ಟಿದ್ದೀಯಲ್ಲೇ! ಬುಡ ಕೊಳೆಯಲ್ವಾ? ಹೇಳಿಕೊಡೋಕೆ ಅಮ್ಮ ಇರ್ಲಿಲ್ವಾ ನಿಂಗೆ?”

ಅನಸೂಯ ಬಕೆಟ್ ಕೆಳಗಿಟ್ಟಳು.

“ಇರ್ಲಿಲ್ಲಮ್ಮ” ಎಂದಳು.

ರಾಮಲಕ್ಷ್ಮಮ್ಮ ಆ ಮೋರಿಯ ಪಕ್ಕದ ಕೆಸರಿನಲ್ಲೇ ಕೂತು, ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತರು.