ನೀರುಗಂಟಿ ತುರ್ದಿಮತ್‌ನ ಹಳದಿ ಕಣ್ಣು

ಫರ್ಗಾನಾ ಕಣಿವೆಯ ಆ ಹಳ್ಳಿಯಲ್ಲಿ ಕಾಲುವೆಯನ್ನು ಬೈದರೂ ಒಂದೇ, ನೀರುಗಂಟಿ ತುರ್ದಿಮತ್‌ನ ತಾಯಿಯನ್ನು ಬೈದರೂ ಒಂದೇ. ಯಾರ ಹತ್ತಿ ಹೊಲಕ್ಕೆ ಎಷ್ಟು ನೀರು ಎಂಬುದೆಲ್ಲ ಅವನ ಗುದ್ದಲಿಯ ತುದಿಯಲ್ಲಿತ್ತು. "ಹರಿಯುತ್ತ ಏಳು ಉರುಳು ಉರುಳಿದ ನೀರು ಶುದ್ಧ" ಎಂಬ ಹಿರಿಯರ ಮಾತನ್ನು, ತಾನೇ ಉರುಳಿಸಿ ನೋಡಿದವನ ಗತ್ತಿನಲ್ಲಿ ಹೇಳುತ್ತಿದ್ದ. ಬೆಳಗಾದರೆ ಬಸುರಿ ಸೊಸೆ ಅನೋರ್‌ಖಾನ್ ಕಾಲುವೆಯಿಂದ ಬಟ್ಟಲು ತುಂಬಿ ತಂದು ತಲೆಬಾಗಿ ಕೊಡುವಳು. ಅವನು ಅರ್ಧ ಕುಡಿದು, ಉಳಿದದ್ದನ್ನು ಆಶೀರ್ವಾದವೆಂದು ಅವಳಿಗೇ ಕೊಡುವನು. ಹಿರಿಯರ ಎಂಜಲೆಂದರೆ ಅಲ್ಲಿ ಪ್ರಸಾದ.

ಆ ಬೇಸಿಗೆ ಊರಿನ ಜನ ಒಬ್ಬೊಬ್ಬರಾಗಿ ಹಳದಿಯಾಗತೊಡಗಿದರು. ತುರ್ದಿಮತ್ ತಪ್ಪನ್ನು ಸಂತೆಯ ಕರಬೂಜದ ಮೇಲೆ ಹೊರಿಸಿದ. ಅಷ್ಟರಲ್ಲಿ ಅವನೇ ಪಲಾವಿನ ವಾಸನೆ ಬಂದರೆ ಸಾಕು, ತಟ್ಟೆ ದೂರ ತಳ್ಳತೊಡಗಿದ.

"ಕನ್ನಡೀಲಿ ಮುಖ ನೋಡ್ಕೊಳ್ರೀ, ಹಣ್ಣಾದ ಕುಂಬಳಕಾಯಿ ಆಗಿದ್ದೀರಿ," ಎಂದಳು ಹೆಂಡತಿ ಹಾಲ್‌ಬುವಿ.

"ಬಿಸಿಲು ಕಣೇ."

"ಬಿಸಿಲು ಕಣ್ಣೊಳಗೂ ಹೊಕ್ಕಿತಾ?"

ಕಾಮಾಲೆಗೆ ಅಲ್ಲಿಯ ಮನೆಮದ್ದೆಂದರೆ ಬೋಗುಣಿಯಲ್ಲಿ ಜೀವಂತ ಮೀನು ಬಿಟ್ಟು ದಿಟ್ಟಿಸುವುದು. ಹಳದಿ ಮೀನಿಗೆ ಹೋಗುತ್ತದಂತೆ. ತುರ್ದಿಮತ್ ದಿಟ್ಟಿಸಿದ. ಮೀನು ಬೇಸತ್ತು ಬೆನ್ನು ತಿರುಗಿಸಿತು.

ಊರಿನ ಡಾಕ್ಟರಮ್ಮ ಮುಕರ್ರಮ್ ಬಂದಾಗ ಅವನು ಮೀನಿನ ಬೆನ್ನನ್ನೇ ನೋಡುತ್ತಿದ್ದ.

"ಮೀನನ್ನ ಬಿಟ್ಟುಬಿಡಿ ಮಾವ, ಅದೇನು ಪಾಪ ಮಾಡಿದೆ? ಇದು ಹೆಪಟೈಟಿಸ್ ಇ, ನೀರಿನಿಂದ ಬರೋ ಕಾಮಾಲೆ. ಮೇಲಿನ ಕೇರಿಯವರ ಕಕ್ಕಸು ಕಾಲುವೆ ದಂಡೆ ಮೇಲೇ ಇದೆ, ಈ ವಸಂತದ ನೆರೆಗೆ ಕುಸಿದಿದೆ."

"ನನ್ನ ನೀರಿನ ಮೇಲೆ ದೂರಾ?"

"ನಿಮ್ಮ ನೀರೊಂದೇ ಅಂತಲ್ಲ. ಕಕ್ಕಸೂ ಕುಡಿಯೋ ನೀರೂ ನೆಂಟಸ್ತನ ಬೆಳೆಸಿದ ಕಡೆಯೆಲ್ಲ ಈ ಕಾಯಿಲೆ ಇದೆ. ಹಿಂದೂಸ್ತಾನದಲ್ಲೂ ಇದೆ, ಆಫ್ರಿಕಾದಲ್ಲೂ ಇದೆ. ನೀವು ಸ್ವಲ್ಪ ದಿನ ಮಲಗಿ ಎಲ್ಲರನ್ನೂ ಗೋಳು ಹೊಯ್ಕೊಂಡು ಎದ್ದು ಕೂರ್ತೀರಿ." ಅವಳ ನಗು ಅಲ್ಲಿಗೆ ನಿಂತಿತು. "ಬಸುರಿಗೆ ತಗುಲಿದ್ರೆ ತಾಯಿ-ಮಗು ಇಬ್ಬರ ಜೀವಕ್ಕೂ ಕುತ್ತು. ನಿಮ್ಮ ಸೊಸೆಗೆ ಕುದಿಸಿದ ನೀರು ಬಿಟ್ಟು ಬೇರೆ ಹನಿ ಬೇಡ. ಇಷ್ಟು ದಿನ ಕುಡಿದದ್ದು ಏನು ಮಾಡಿದೆಯೋ ಈಗಲೇ ಹೇಳೋಕಾಗಲ್ಲ. ತಿಂಗಳಾದ್ರೂ ಒಳಗೇ ಅಡಗಿರುತ್ತೆ."

ತುರ್ದಿಮತ್‌ಗೆ ಊರಿನ ಎದುರು ಕಾಲುವೆಯನ್ನು ಹಳಿಯಲು ನಾಲಗೆ ಏಳದು. ಸೊಸೆಗೆ ಬಟ್ಟಲು ಕೊಡಲು ಕೈ ಏಳದು. ಇಡೀ ದಿನ ಯೋಚಿಸಿ, ತಾವು ಜಾಣರೆಂದುಕೊಂಡ ಗಂಡಸರೆಲ್ಲ ಹುಡುಕುವ ಉಪಾಯವನ್ನೇ ಹುಡುಕಿದ: ಏನೂ ಹೇಳದೆ ಕೆಲಸ ಮುಗಿಸುವುದು. ಮರುದಿನ ಬೆಳಿಗ್ಗೆ ಅನೋರ್‌ಖಾನ್ ಬಟ್ಟಲು ತಂದಾಗ ಅದನ್ನು ತೆಗೆದುಕೊಂಡು, ಮಾತಿಲ್ಲದೆ ಅಂಗಳದ ನೆಲಕ್ಕೆ ಚೆಲ್ಲಿಬಿಟ್ಟ.

ಮಾವ ಸೊಸೆಯ ಬಟ್ಟಲನ್ನು ಚೆಲ್ಲಿದನೆಂದರೆ ಆ ಸೀಮೆಯಲ್ಲಿ ಅರ್ಥ ಒಂದೇ: ಈ ಸೊಸೆ ಈ ಮನೆಗೆ ಬೇಡ. ಮನೆಯೆದುರಿನ ಕಾಲುವೆಯ ಬಳಿಯಿದ್ದ ಹೆಂಗಸರ ಕೊಡಗಳು ಅಲ್ಲಲ್ಲೇ ನಿಂತವು. ಅನೋರ್‌ಖಾನ್ ಬಾಯಿಗೆ ಸೆರಗು ಒತ್ತಿ ಒಳಗೋಡಿ ಬಟ್ಟೆ ಗಂಟು ಕಟ್ಟತೊಡಗಿದಳು.

"ಹಿತ್ತಾಳೆ ಮುಖದವರೇ!" ಹಾಲ್‌ಬುವಿ ಅಬ್ಬರಿಸಿದಳು. "ಬಸುರಿ ಹುಡುಗೀನ ಈ ಬಿಸಿಲಲ್ಲಿ ತವರಿಗೆ ಅಟ್ತೀರಾ? ದಾರೀಲಿ ಬಾಯಾರಿದ್ರೆ ಅವಳು ಯಾವ ನೀರು ಕುಡೀತಾಳೆ, ಹೇಳಿ!"

ಇದು ತುರ್ದಿಮತ್‌ಗೆ ಹೊಳೆದಿರಲಿಲ್ಲ. ತವರಿನ ದಾರಿ ಉದ್ದಕ್ಕೂ ಇದೇ ಕಾಲುವೆ. ಅವನು ತಡವರಿಸುತ್ತ ಬೀದಿ ಬಾಗಿಲಿಗೆ ಬಂದ. ಅಷ್ಟು ವರ್ಷ ತೂಬು ತೆರೆದು ನೀರು ಕದಿಯುವವರನ್ನು ಬೆದರಿಸಿದ ಅದೇ ಗಂಟಲಿನಿಂದ ಕೂಗಿದ:

"ಕೇಳ್ರಪ್ಪೋ! ಸೊಸೆ ಬಂಗಾರ! ನೀರು ಹೊಲಸು! ನನ್ನ ನೀರೇ ಹೊಲಸು! ಕುದಿಸದೆ ಯಾರೂ ಕುಡೀಬೇಡಿ!"

"ಇನ್ನೊಂದ್ಸಲ ಹೇಳಿ ಅಣ್ಣ, ಕಿವಿಗೆ ಸರಿಯಾಗಿ ಕೇಳಿಸ್ಲಿಲ್ಲ," ಎಂದಳು ಒಬ್ಬಳು, ಚೆನ್ನಾಗಿ ಕೇಳಿಸಿದವಳು.

ಇನ್ನೊಂದು ಸಲ ಹೇಳಿದ. ಅನೋರ್‌ಖಾನ್ ಗಂಟು ಬಿಚ್ಚಿದಳು. ಅವಳ ಗಂಡನೂ ಮೇಲಿನ ಕೇರಿಯವರೂ ಸೇರಿ ಕಕ್ಕಸುಗಳನ್ನು ದಂಡೆಯಿಂದ ದೂರ ಸಾಗಿಸಿದರು; ತುರ್ದಿಮತ್ ಹಾಸಿಗೆಯಿಂದಲೇ ಎಲ್ಲರಿಗೂ ಬುದ್ಧಿ ಹೇಳಿದ. ಅವನ ಹಳದಿ ಇಳಿದ ಮೇಲೂ ದಿನಾ ಬೆಳಿಗ್ಗೆ, "ಬೆಳಕಿಗೆ ಬಾ ಮಗಾ, ಕಣ್ಣು ತೆರೆ" ಎಂದು ಸೊಸೆಯ ಕಣ್ಣಿನ ಬಿಳುಪನ್ನು, ಹತ್ತಿ ವ್ಯಾಪಾರಿ ಅರಳೆ ನೋಡುವಂತೆ ನೋಡುತ್ತಿದ್ದ. ಬಿಳುಪು ಬಿಳುಪಾಗಿಯೇ ಉಳಿಯಿತು.

ದ್ರಾಕ್ಷಿ ಕೊಯ್ಲಿನ ಕಾಲಕ್ಕೆ ಹೆಣ್ಣು ಮಗು ಹುಟ್ಟಿತು. ಎರಡು ದಿನ ಬಿಟ್ಟು ನೋಡಿದರೆ, ಮಗು ಹಳದಿ! ತುರ್ದಿಮತ್ ಒಂದೇ ಕಾಲಿಗೆ ಬೂಟು ತೊಟ್ಟು ಡಾಕ್ಟರಮ್ಮನ ಮನೆಗೆ ಓಡಿದ. ಅವಳು ಬಂದು ಮಗುವನ್ನು ನೋಡಿದಳು, ತಾಯಿಯನ್ನು ನೋಡಿದಳು, ಇಬ್ಬರ ರಕ್ತವನ್ನೂ ಪರೀಕ್ಷಿಸಿದಳು, ಆಮೇಲೆ ನಕ್ಕಳು.

"ಇದು ಬೇರೆ ಹಳದಿ ಮಾವ. ಹುಟ್ಟಿದ ಎಷ್ಟೋ ಕೂಸುಗಳಿಗೆ ಬರುತ್ತೆ, ತಾನಾಗೇ ಹೋಗುತ್ತೆ. ನಿಮ್ಮ ಕಾಲುವೆ ಈ ಸಲ ನಿರಪರಾಧಿ."

ತುರ್ದಿಮತ್ ಅಂಗಳದಲ್ಲೇ ಕೂತು ಪಾದ ತಿರುಗಿಸಿ ನೋಡಿದ. ಬೂಟಿಲ್ಲದ ಕಾಲಿಗೆ ಚುಚ್ಚಿದ ಮುಳ್ಳು ಆಗಷ್ಟೇ ನೋಯತೊಡಗಿತ್ತು.